ನಗಿಸುವವನ ಚಿತ್ರಚರಿತ್ರೆ

ನಗುವುದು ಸುಲಭ, ನಗಿಸುವುದು ಕಷ್ಟ; ನಗಿಸಿದವನ ಬಾಳನ್ನು ಬರೆದು ತೋರಿಸುವುದು ಇನ್ನೂ ಕಷ್ಟ. ಕವಿಯು ಕಾಲವಾದರೂ ಅವನ ಪದ್ಯವು ಉಳಿಯುವುದು. ನಗೆನಟನ ಕಲೆಯಾದರೋ ಹುಬ್ಬಿನಲ್ಲಿ, ನಡಿಗೆಯಲ್ಲಿ, ಮಾತಿನ ನಡುವಣ ಮೌನದಲ್ಲಿ ಇರತಕ್ಕದ್ದು. ಅದನ್ನು ಬರಿಯ ಅಕ್ಷರದಿಂದ ಹಿಡಿಯಹೊರಟರೆ ನಗೆಯು ಜಾರಿಹೋಗಿ ವಿವರಣೆ ಮಾತ್ರ ಕೈಯಲ್ಲುಳಿಯುತ್ತದೆ.

ಅಮೆರಿಕದ ನಗೆನಟ ಸ್ಟೀವ್ ಮಾರ್ಟಿನ್ ಇದಕ್ಕೊಂದು ಉಪಾಯವನ್ನು ಕಂಡರು. ತಮ್ಮ ಚಲನಚಿತ್ರಜೀವನದ ಪ್ರಸಂಗಗಳನ್ನು ಹ್ಯಾರಿ ಬ್ಲಿಸ್ ಎಂಬ ಚಿತ್ರಕಾರರಿಂದ ಬರೆಯಿಸಿ, 2022ರಲ್ಲಿ ‘ನಂಬರ್ ಒನ್ ಈಸ್ ವಾಕಿಂಗ್’ ಎಂಬ ಪುಸ್ತಕವನ್ನು ಹೊರತಂದರು. ಇಂತಹ ಚಿತ್ರಕಥನದಲ್ಲಿ ಒಂದು ಚೌಕಟ್ಟಿಗೂ ಮುಂದಿನದಕ್ಕೂ ನಡುವಣ ತೆರಪೇ ನಟನ ಮೌನದ ಕೆಲಸವನ್ನು ಮಾಡುತ್ತದೆ. ಕಣ್ಣು ಅಲ್ಲಿ ಕ್ಷಣಕಾಲ ನಿಂತು, ಆಮೇಲೆ ನಗುತ್ತದೆ.

ಭರತಮುನಿಯು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಂಗಡಿಸಿದ್ದಾನೆ. ತಾನು ನಗುವುದು ಆತ್ಮಸ್ಥ. ಪರರನ್ನು ನಗಿಸುವುದು ಪರಸ್ಥ. ಪ್ರೇಕ್ಷಕರಾದ ನಾವು ಕಾಣುವುದು ಎರಡನೆಯದನ್ನು. ನಟನು ತನ್ನ ಬಾಳನ್ನು ತಾನೇ ನೋಡಿ ನಗಬಲ್ಲನೇ ಎಂಬುದನ್ನು ಆತ್ಮಕಥೆಯೇ ತೋರಿಸಬೇಕು.

ನಮ್ಮ ನಾಡಿನ ನರಸಿಂಹರಾಜು ಅವರ ಬಾಳು ಇಂತಹ ಚಿತ್ರಕಥನಕ್ಕೆ ಹೇಳಿಮಾಡಿಸಿದಂತಿದೆ. 1923ರಲ್ಲಿ ತಿಪಟೂರಿನಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ನಾಟಕದ ಕಂಪೆನಿಯನ್ನು ಸೇರಿದರು. 1954ರ ‘ಬೇಡರ ಕಣ್ಣಪ್ಪ’ದಿಂದ ಮನೆಮಾತಾದರು. ರಾಜಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್ ಇವರೊಡಗೂಡಿ ಕಲಾವಿದರ ಸಂಘವನ್ನು ಕಟ್ಟಿ, 1960ರಲ್ಲಿ ‘ರಣಧೀರ ಕಂಠೀರವ’ವನ್ನು ತಯಾರಿಸಿದರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರೇ ನಕ್ಷತ್ರಿಕ, ಸಾಲಕ್ಕಾಗಿ ರಾಜನ ಬೆನ್ನುಹತ್ತಿ ಕಾಡುವ ಆ ಪಾತ್ರದಲ್ಲಿ ನಗೆಯೂ ಕ್ರೌರ್ಯವೂ ಒಂದೇ ಮುಖದಲ್ಲಿ ಕೂಡಿಬರಬೇಕು. ಇತರರು ಮರೆಮಾಡಬಹುದಾಗಿದ್ದ ಉಬ್ಬುಹಲ್ಲನ್ನೇ ಅವರು ಒಡವೆಯಾಗಿ ಧರಿಸಿದರು. 1979ರಲ್ಲಿ, ಐವತ್ತಾರು ತುಂಬುವ ಮೊದಲೇ, ತೀರಿಕೊಂಡರು. ಇದನ್ನೆಲ್ಲ ರೇಖೆಯಲ್ಲಿ ಕಾಣಿಸಿದರೆ ಪುಟಗಟ್ಟಲೆ ವರ್ಣನೆಯ ಅಗತ್ಯವುಂಟೆ?

ಚಿತ್ರದ ಪುಸ್ತಕವು ಮಕ್ಕಳ ಓದನ್ನು ಕೆಡಿಸುವುದೆಂದು ಹಿರಿಯರು ಆಕ್ಷೇಪಿಸುವುದುಂಟು. ಆದರೆ ಹಂಪೆಯ ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ರಾಮಾಯಣವನ್ನು ಸಾಲುಸಾಲಾಗಿ ಕೆತ್ತಿದವರು ವಿದ್ಯಾವಿರೋಧಿಗಳಾಗಿದ್ದರೆ? ನಾವು ವಾಸಿಸುವ ರಾಮಮೂರ್ತಿ ನಗರದಲ್ಲಿ ಕನ್ನಡ, ತಮಿಳು, ತೆಲುಗುಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಕನ್ನಡವನ್ನು ಆಡಬಲ್ಲ, ಓದಲಾರದ ಮಕ್ಕಳು ಇಲ್ಲಿ ಉಂಟು. ಅಂತಹವರನ್ನು ಚಿತ್ರವು ಕೈಹಿಡಿದು ಅಕ್ಷರದ ಬಳಿಗೆ ಕರೆತರಬಲ್ಲದು.

ನರಸಿಂಹರಾಜು ಅವರ ಆತ್ಮಸ್ಥವಾದ ನಗೆಯನ್ನು ಅವರಿಂದಲೇ ಕೇಳುವ ಕಾಲವು ಕಳೆಯಿತು. ಅವರನ್ನು ಕಣ್ಣಾರೆ ಕಂಡ ವೃದ್ಧರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರು ಹೇಳಲಿ, ಕುಂಚ ಹಿಡಿಯಬಲ್ಲ ಮೊಮ್ಮಕ್ಕಳು ಬರೆಯಲಿ. ಈ ಕೆಲಸಕ್ಕೆ ಉಳಿದಿರುವ ಕಾಲವು ಹೆಚ್ಚಿನದಲ್ಲ.