ಸಂತಾನ ನಿಯಮನದ ಉಪಾಯಗಳು



1930ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಮನದ ವಿಷಯವಾಗಿ ಸಲಹೆ ಕೊಡುವ ಏರ್ಪಾಡನ್ನು ಮಾಡಿತು. ಸರ್ಕಾರವೊಂದು ತಾನಾಗಿ ಇಂಥ ಕಾರ್ಯಕ್ಕೆ ಕೈಯಿಕ್ಕಿದುದು ಪ್ರಪಂಚದಲ್ಲಿಯೇ ಅದು ಮೊದಲೆಂದು ಎಣಿಸುತ್ತಾರೆ. ಹೀಗಿದ್ದೂ ನಮ್ಮ ಮನೆಗಳಲ್ಲಿ ಈ ಮಾತು ಇನ್ನೂ ಪಿಸುದನಿಯಲ್ಲಿಯೇ ನಡೆಯುತ್ತಿರುವುದು. ಪಿಸುದನಿಯಲ್ಲಿ ಕೇಳಿದುದನ್ನು ಅರ್ಧ ತಿಳಿದು, ನೆರೆಮನೆಯಾಕೆಗೆ ಒಗ್ಗಿದ ಗುಳಿಗೆಯನ್ನು ತಾನೂ ನುಂಗಿ ಸಂಕಟಪಡುವವರುಂಟು. ಏನನ್ನೂ ಕೇಳಲಾರದೆ, ಎರಡನೆಯ ಕೂಸು ಇನ್ನೂ ಮೊಲೆ ಬಿಡುವ ಮೊದಲೇ ಮೂರನೆಯದಕ್ಕೆ ಗರ್ಭವತಿಯಾಗುವವರೂ ಉಂಟು. ಆದುದರಿಂದ ಸಂಕೋಚವನ್ನು ಒಂದಿಷ್ಟು ಹೊತ್ತು ಬದಿಗಿರಿಸೋಣ.

ಹಲವರು ಮೊದಲು ನಂಬುವುದು ತಿಥಿ ಎಣಿಸುವ ಉಪಾಯವನ್ನು. ಸ್ತ್ರೀಯ ಅಂಡಾಣುವು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಹೊರಬಂದು, ಹೆಚ್ಚೆಂದರೆ ಒಂದು ದಿನ ಜೀವಿಸಿರುತ್ತದೆ. ಪುರುಷನ ವೀರ್ಯಾಣುಗಳಾದರೋ ಗರ್ಭಮಾರ್ಗದಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲವು. ಈ ಕೆಲವು ದಿನಗಳನ್ನು ಬಿಟ್ಟರೆ ಸಾಕೆಂಬುದು ವಾದ. ವಾದವೇನೋ ಸರಿಯೇ. ಆದರೆ ಮುಂದಿನ ಮುಟ್ಟು ಎಂದು ಬರುವುದೆಂಬುದು ಬಂದ ಮೇಲಲ್ಲವೆ ತಿಳಿಯುವುದು? ಮುಟ್ಟು ನಾಲ್ಕು ದಿನ ಹಿಂದುಮುಂದಾದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಇದರ ಪರೀಕ್ಷೆಯು ನಮ್ಮ ನಾಡಿನಲ್ಲಿಯೇ ನಡೆದುಹೋಯಿತು. 1950ರ ದಶಕದ ಆರಂಭದಲ್ಲಿ ಭಾರತ ಸರ್ಕಾರದ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆಯವರು ಅಮೆರಿಕದ ಡಾಕ್ಟರ್ ಏಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿಕೊಟ್ಟರು. ಬೆಂಗಳೂರಿನ ಬಳಿಯ ರಾಮನಗರದಲ್ಲಿಯೂ ದೆಹಲಿಯ ಲೋದಿ ಕಾಲೊನಿಯಲ್ಲಿಯೂ ಪ್ರಯೋಗ ನಡೆಯಿತು. ಓದುಬರಹ ಬಾರದ ಹೆಂಗಸರಿಗೆ ಬಣ್ಣಬಣ್ಣದ ಮಣಿಸರಗಳನ್ನು ಕೊಟ್ಟು, ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗಬೇಕು, ಮಣಿಯ ಬಣ್ಣವೇ ಅಪಾಯದ ದಿನವನ್ನು ತಿಳಿಸುವುದು, ಎಂದು ಹೇಳಿಕೊಟ್ಟರು. ಕೆಲವರು ರಾತ್ರಿಯ ಕತ್ತಲಲ್ಲಿ ಬಣ್ಣವನ್ನು ಗುರುತಿಸಲಾರದೆ ಹೋದರಂತೆ. ಕೆಲವರು ಸರ ಕೊರಳಲ್ಲಿದ್ದರೆ ಸಾಕು, ಅದೇ ಕಾಪಾಡುವುದೆಂದು ತಿಳಿದರಂತೆ. ಅದನ್ನು ಕಂಡವರೆಲ್ಲ ಗುಟ್ಟನ್ನು ಅರಿಯುವರಲ್ಲಾ ಎಂಬ ನಾಚಿಕೆ ಮತ್ತೆ ಕೆಲವರಿಗೆ. ಆ ಯೋಜನೆ ಫಲಿಸಲಿಲ್ಲ. ಆ ಹೆಂಗಸರನ್ನು ಕಂಡು ನಗುವುದು ಸುಲಭ. ಆದರೆ ಮುಟ್ಟಿನ ಲೆಕ್ಕವನ್ನು ಕೈಗಡಿಯಾರದಷ್ಟು ಖಚಿತವೆಂದು ನಂಬುವ ಪದವೀಧರರು ಅವರಿಗಿಂತ ಹೆಚ್ಚು ಬಲ್ಲವರೆಂದು ಹೇಳುವಂತಿಲ್ಲ.

ಉಪಾಯದ ಗುಣವನ್ನು ಅಳೆಯುವಾಗ ವೈದ್ಯರು ಎರಡು ಅಂಕಿಗಳನ್ನು ಹೇಳುವುದು ಇದರಿಂದಲೇ. ಒಂದು, ಎಳ್ಳಷ್ಟೂ ತಪ್ಪದೆ ನಡೆಸಿದಾಗಿನದು. ಇನ್ನೊಂದು, ಮರೆವು, ಅವಸರ, ಪ್ರಯಾಣಗಳುಳ್ಳ ನಮ್ಮ ನಿಮ್ಮಂಥವರು ನಡೆಸಿದಾಗಿನದು. ಅಮೆರಿಕದ ಲೆಕ್ಕದಂತೆ, ದಿನವೂ ನುಂಗುವ ಗುಳಿಗೆಯನ್ನು ತಪ್ಪದೆ ಸೇವಿಸಿದ ನೂರು ಮಂದಿಯಲ್ಲಿ ವರ್ಷಕ್ಕೆ ಒಬ್ಬಳೂ ಗರ್ಭ ಧರಿಸುವುದು ಅಪರೂಪ. ವಾಡಿಕೆಯ ಬಳಕೆಯಲ್ಲಿ ಸುಮಾರು ಏಳು ಮಂದಿ. ನಿರೋಧಿಗೆ ಈ ಅಂಕಿಗಳು ಎರಡು ಮತ್ತು ಹದಿಮೂರು. ಕಾಪರ್-ಟಿಯಲ್ಲಿ ಎರಡೂ ಒಂದಕ್ಕಿಂತ ಕಡಿಮೆ, ಏಕೆಂದರೆ ಅಲ್ಲಿ ನೆನಪಿಡಬೇಕಾದುದೇ ಇಲ್ಲ. ನಿರೋಧಿನ ಪರವಾಗಿಯೂ ಒಂದು ಮಾತುಂಟು: ಸಂಭೋಗದಿಂದ ಅಂಟುವ ರೋಗಗಳನ್ನು ತಡೆಯುವ ಶಕ್ತಿ ನಾನಿಲ್ಲಿ ಹೇಳುವ ಉಪಾಯಗಳಲ್ಲಿ ಅದೊಂದಕ್ಕೇ ಇರುವುದು.

ಆದುದರಿಂದ ಯಾವುದು ಉತ್ತಮ ಎಂದು ಕೇಳುವುದಕ್ಕಿಂತ ಯಾರಿಗೆ ಯಾವುದು ಎಂದು ಕೇಳುವುದು ಲೇಸು. ಎರಡು ಹಾರ್ಮೋನುಗಳು ಕೂಡಿದ ಸಾಮಾನ್ಯ ಗುಳಿಗೆಯು ರಕ್ತದ ಒತ್ತಡ ಹೆಚ್ಚಿರುವವರಿಗೂ, ಕಣ್ಣೆದುರು ಮಿಂಚು ಸುಳಿದು ಅರೆತಲೆನೋವು ಬರುವವರಿಗೂ, ರಕ್ತ ಹೆಪ್ಪುಗಟ್ಟಿದ ಕಾಯಿಲೆ ಬಂದಿದ್ದವರಿಗೂ ಸಲ್ಲದು. ಎಳೆಯ ಕೂಸಿಗೆ ಹಾಲೂಡಿಸುವ ತಾಯಿಗೂ ಅದು ತಕ್ಕುದಲ್ಲ. ಲಕ್ನೋದ ವಿಜ್ಞಾನಿಗಳು ಕಂಡುಹಿಡಿದ, ಸರ್ಕಾರಿ ಆಸ್ಪತ್ರೆಗಳಲ್ಲಿ ಛಾಯಾ ಎಂಬ ಹೆಸರಿನಿಂದ ದೊರೆಯುವ ಗುಳಿಗೆಯಲ್ಲಿ ಹಾರ್ಮೋನಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಬಳಿಕ ವಾರಕ್ಕೆ ಒಂದು. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಅಂತರಾ ಎಂಬ ಮದ್ದಿನಿಂದ ಮುಟ್ಟು ಏರುಪೇರಾಗುವುದುಂಟು, ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುವುದೂ ಉಂಟು. ಬೇಗನೆ ಮಗುವನ್ನು ಬಯಸುವವರು ಇದನ್ನು ಮೊದಲೇ ಅರಿತಿರಬೇಕು. ಕಾಪರ್-ಟಿ ಹತ್ತು ವರ್ಷಗಳವರೆಗೆ ಕೆಲಸ ಮಾಡುತ್ತದೆ, ತೆಗೆಸಿದೊಡನೆ ಗರ್ಭಧಾರಣೆಯ ಶಕ್ತಿ ಮರಳುತ್ತದೆ. ಆದರೆ ಮುಟ್ಟಿನ ಸ್ರಾವ ಹೆಚ್ಚಾಗಬಹುದಾದುದರಿಂದ ರಕ್ತಹೀನತೆಯುಳ್ಳವರು ವೈದ್ಯರಿಗೆ ಅದನ್ನು ತಿಳಿಸಬೇಕು. ಎಚ್ಚರ ತಪ್ಪಿದ ದಿನದ ಮರುದಿನ ನುಂಗುವ ಗುಳಿಗೆಯೊಂದಿದೆ. 72 ಗಂಟೆಗಳೊಳಗೆ, ಎಷ್ಟು ಬೇಗನಾದರೆ ಅಷ್ಟು ಒಳ್ಳೆಯದು. ಅದು ಆಪತ್ತಿಗೆ, ನಿತ್ಯದ ಬಳಕೆಗಲ್ಲ.

ಮಕ್ಕಳು ಇನ್ನು ಸಾಕೆಂದು ನಿಶ್ಚಯಿಸಿದವರಿಗೆ ಶಸ್ತ್ರಚಿಕಿತ್ಸೆಯುಂಟು. ಈ ಭಾಗವನ್ನು ಪುರುಷ ಶ್ರೋತೃಗಳು ವಿಶೇಷವಾಗಿ ಕೇಳಬೇಕೆಂದು ನನ್ನ ಬಿನ್ನಹ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ವಿವಾಹಿತ ಸ್ತ್ರೀಯರಲ್ಲಿ ಶೇಕಡ 37.9 ಮಂದಿ ತಾವೇ ಈ ಚಿಕಿತ್ಸೆಗೆ ಒಳಗಾಗಿದ್ದರು. ಗಂಡಂದಿರು ಮಾಡಿಸಿಕೊಂಡಿದ್ದುದು ಶೇಕಡ 0.3. ಹೆಂಗಸಿಗಾದರೆ ಹೊಟ್ಟೆಯನ್ನು ಕೊಯ್ಯಬೇಕು. ಗಂಡಸಿಗೆ ಚರ್ಮದಡಿಯಲ್ಲಿಯೇ ಸಿಕ್ಕುವ ಎರಡು ಸಣ್ಣ ನಾಳಗಳನ್ನು, ಅಷ್ಟು ಜಾಗವನ್ನು ಮಾತ್ರ ಮರಗಟ್ಟಿಸಿ, ಕತ್ತರಿಸಿದರಾಯಿತು. ಪುರುಷತ್ವ ಕುಂದುವುದೆಂಬ ಭಯಕ್ಕೆ ಆಧಾರವಿಲ್ಲ: ವೃಷಣದ ಹಾರ್ಮೋನು ಆ ನಾಳದಲ್ಲಿ ಹರಿಯುವುದಲ್ಲ, ರಕ್ತಕ್ಕೆ ಸೇರುವುದು, ರಕ್ತನಾಳಗಳನ್ನು ಯಾರೂ ಕತ್ತರಿಸುವುದಿಲ್ಲ. 1975–77ರ ತುರ್ತುಪರಿಸ್ಥಿತಿಯಲ್ಲಿ ಬಲಾತ್ಕಾರದಿಂದ ನಡೆಸಿದ ಚಿಕಿತ್ಸೆಗಳು ಈ ಭಯವನ್ನು ಎರಡು ತಲೆಮಾರಿಗೆ ಉಣಿಸಿದುವು. ಆ ಅನ್ಯಾಯ ನಿಜವೇ, ಆದರೆ ಅದು ಬಲಾತ್ಕಾರದ ದೋಷ, ಚಿಕಿತ್ಸೆಯದಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ನಾಳವನ್ನು ಕತ್ತರಿಸಿದ ಬಳಿಕವೂ ಅದರ ಮುಂದಿನ ಭಾಗದಲ್ಲಿ ವೀರ್ಯಾಣುಗಳು ಉಳಿದಿರುತ್ತವೆ. ಮೂರು ತಿಂಗಳು ಕಳೆದು, ವೀರ್ಯವನ್ನು ಪರೀಕ್ಷೆ ಮಾಡಿಸಿ, ಅವು ಇಲ್ಲವೆಂದು ವೈದ್ಯರು ಹೇಳುವ ತನಕ ಮತ್ತೊಂದು ಉಪಾಯವನ್ನು ಬಿಡಬಾರದು.