ಬಕೆಟ್‌ನಲ್ಲೊಂದು ಜಲಾಂತರ್ಗಾಮಿ

ವಿಶಾಖಪಟ್ಟಣಕ್ಕೆ ಪ್ರವಾಸ ಹೋದವರು ಕಡಲ ದಂಡೆಯ ಮೇಲೆ ನಿಂತಿರುವ ‘ಐಎನ್‌ಎಸ್ ಕುರ್ಸುರಾ’ವನ್ನು ನೋಡದೆ ಮರಳುವುದು ಕಡಿಮೆ. 1969ರಲ್ಲಿ ನಮ್ಮ ನೌಕಾಪಡೆ ಸೇರಿ, 2001ರಲ್ಲಿ ನಿವೃತ್ತವಾದ ಸೋವಿಯತ್ ನಿರ್ಮಿತ ಜಲಾಂತರ್ಗಾಮಿ ಅದು. 2002ರಿಂದ ವಸ್ತುಸಂಗ್ರಹಾಲಯ. ಉದ್ದ 91 ಮೀಟರಿಗೂ ಮಿಗಿಲು, ಅಗಲ ಸುಮಾರು ಏಳೂವರೆ ಮೀಟರ್. ಅದರ ಇಕ್ಕಟ್ಟಾದ ದುಂಡು ಬಾಗಿಲುಗಳಲ್ಲಿ ತೂರಿ ಹೊರಬರುವ ಹುಡುಗ ಹುಡುಗಿಯರಿಗೆ ಹುಟ್ಟುವ ಆಸೆ ಒಂದೇ: ಇಂಥದ್ದೊಂದನ್ನು ಮನೆಯಲ್ಲಿ ಮಾಡಬಾರದೇಕೆ?

ಮಾಡಬಹುದು. 200ರಲ್ಲಿ ಒಂದು ಪಾಲಿಗೆ ಇಳಿಸಿದರೆ ಕುರ್ಸುರಾ ಸುಮಾರು 46 ಸೆಂ.ಮೀ. ಉದ್ದಕ್ಕೆ ಬಂದು ನಿಲ್ಲುತ್ತದೆ. ಓದುವ ಮೇಜಿಗೆ ಅದೇನೂ ಭಾರವಲ್ಲ. ಶೋಕೇಸಿನಲ್ಲಿಡುವ ಮಾದರಿಯಾದರೆ ಜೋಡಣೆ ಅಲ್ಲಲ್ಲಿ ಬಾಯಿಬಿಟ್ಟರೂ ಬಣ್ಣ ಬಳಿದು ಮುಚ್ಚಬಹುದು. ನೀರಿಗಿಳಿಯುವ ಮಾದರಿಯ ಕಥೆ ಬೇರೆ. ಅಲ್ಲಿ ಎಲ್ಲವೂ ನಿಂತಿರುವುದು ಅಂಟಿನ ಮೇಲೆ.

ಮಾದರಿ ತಯಾರಕರ ಮೆಚ್ಚಿನ ವಸ್ತು ಪಾಲಿಸ್ಟೈರೀನ್ ಹಾಳೆ. ಹೆಸರು ಹೊಸದೆನಿಸಿದರೂ ವಸ್ತು ಹಳೆಯ ಪರಿಚಯದ್ದೇ. ವಿಜ್ಞಾನ ಮೇಳಗಳಲ್ಲಿ ಬಳಸುವ ಥರ್ಮೋಕೋಲ್ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್ ಅಲ್ಲದೆ ಮತ್ತೇನಲ್ಲ. 1839ರಲ್ಲಿ ಬರ್ಲಿನ್ನಿನ ಔಷಧಿ ವ್ಯಾಪಾರಿ ಎಡುವಾರ್ಡ್ ಸೈಮನ್ ಮರದ ಅಂಟಿನಿಂದ ಬಟ್ಟಿ ಇಳಿಸಿದ ದ್ರವ ತಾನಾಗಿಯೇ ಗಟ್ಟಿಯಾದದ್ದನ್ನು ಕಂಡ. ಅದೇಕೆ ಹಾಗಾಯಿತೆಂದು ಅವನಿಗೆ ತಿಳಿಯಲಿಲ್ಲ. ಸಣ್ಣ ಅಣುಗಳು ಕೈಕೈ ಹಿಡಿದು ಉದ್ದನೆಯ ಸರಪಳಿಗಳಾಗುತ್ತವೆ ಎಂದು 1920ರ ದಶಕದಲ್ಲಿ ವಾದಿಸಿದವರು ಹರ್ಮನ್ ಸ್ಟಾಡಿಂಗರ್. ಮೊದಲು ಅನೇಕರು ಅದನ್ನು ನಂಬಲಿಲ್ಲ. 1953ರಲ್ಲಿ ನೊಬೆಲ್ ಬಂತು.

ಈ ಸರಪಳಿಗಳಲ್ಲೇ ಅಂಟಿನ ಗುಟ್ಟಿದೆ. ಉಗುರು ಬಣ್ಣ ತೆಗೆಯಲು ಬಳಸುವ ಅಸಿಟೋನ್‌ನ ನಾಲ್ಕು ಹನಿಯನ್ನು ಥರ್ಮೋಕೋಲ್ ತುಂಡಿನ ಮೇಲೆ ಬಿಟ್ಟು ನೋಡಿ. ಕಣ್ಣೆದುರೇ ಕುಸಿದು ಅಂಟಂಟಾದ ಮುದ್ದೆಯಾಗುತ್ತದೆ. ಸುಟ್ಟದ್ದೂ ಅಲ್ಲ, ಕರಗಿ ನೀರಾದದ್ದೂ ಅಲ್ಲ. ಸರಪಳಿಗಳ ಬಿಗಿ ಸಡಿಲಿ ಒಳಗಿನ ಗಾಳಿ ಹೊರಟುಹೋಯಿತು, ಅಷ್ಟೆ. ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ಮಾಡುವುದೂ ಇದನ್ನೇ, ಆದರೆ ಹದವಾಗಿ. ಅದರಲ್ಲಿರುವ ದ್ರಾವಕ ಎರಡೂ ತುಂಡುಗಳ ಅಂಚನ್ನು ಮೆದುಗೊಳಿಸುತ್ತದೆ. ಒತ್ತಿ ಹಿಡಿದಾಗ ಅತ್ತಣ ಸರಪಳಿ ಇತ್ತ, ಇತ್ತಣದ್ದು ಅತ್ತ ಹೆಣೆದುಕೊಳ್ಳುತ್ತದೆ. ದ್ರಾವಕ ಆವಿಯಾದ ಮೇಲೆ ಉಳಿಯುವುದು ಎರಡಲ್ಲ, ಒಂದೇ ತುಂಡು. ಕಮ್ಮಾರನ ಬೆಸುಗೆಗೆ ಬೆಂಕಿ ಬೇಕು; ಇದು ಬೆಂಕಿಯಿಲ್ಲದ ಬೆಸುಗೆ.

ಫೆವಿಕಾಲ್ ಇಲ್ಲಿ ಕೆಲಸಕ್ಕೆ ಬಾರದು. ಅದರ ನೀರನ್ನು ಮರ ಹೀರಿಕೊಳ್ಳುತ್ತದೆ, ಕಾಗದ ಹೀರಿಕೊಳ್ಳುತ್ತದೆ, ಪ್ಲಾಸ್ಟಿಕ್ ಹೀರುವುದಿಲ್ಲ. ಫೆವಿಕ್ವಿಕ್ ಜಾತಿಯ ಅಂಟು ಗಾಳಿಯ ತೇವದಿಂದಲೇ ಕ್ಷಣದಲ್ಲಿ ಗಟ್ಟಿಯಾಗುತ್ತದೆ, ನಿಜ. ಆದರೆ ಆ ಜೋಡಣೆ ಪೆಡಸು. ಕೈಜಾರಿ ಬಿದ್ದರೆ ಟಪ್ಪೆಂದು ಬಿಡುತ್ತದೆ. ಲೋಹದ ಕಡ್ಡಿಯನ್ನು ಪ್ಲಾಸ್ಟಿಕ್ಕಿಗೆ ಕೂರಿಸಬೇಕಾದಲ್ಲಿ ಎರಡು ಟ್ಯೂಬಿನ ಅರಾಲ್ಡೈಟ್ ಒಳ್ಳೆಯದು. ಇನ್ನು ಅಡುಗೆಮನೆಯ ಡಬ್ಬಿ, ಬಕೆಟ್ ಕತ್ತರಿಸಿ ಉಳಿತಾಯ ಮಾಡುವ ಯೋಚನೆ ಬೇಡ. ಅವು ಸಾಮಾನ್ಯವಾಗಿ ಪಾಲಿಥೀನ್ ಇಲ್ಲವೆ ಪಾಲಿಪ್ರೊಪಿಲೀನ್. ಈ ಅಂಟುಗಳಿಗೆ ಜಪ್ಪಯ್ಯ ಎಂದರೂ ಬಗ್ಗುವುದಿಲ್ಲ. ತಳದ ತ್ರಿಕೋನದಲ್ಲಿ 6 ಎಂದಿದ್ದರೆ ಅದು ಪಾಲಿಸ್ಟೈರೀನ್.

ಹಾಳೆ ಕತ್ತರಿಸುವುದಕ್ಕೆ ಕಸುವು ಬೇಡ. ಸ್ಟೀಲ್ ಸ್ಕೇಲ್ ಇಟ್ಟು ಕಟ್ಟರ್‌ನಿಂದ ಹಗುರವಾಗಿ ಎರಡು ಮೂರು ಬಾರಿ ಗೀರಿ, ಬಗ್ಗಿಸಿದರೆ ಗೆರೆಗುಂಟ ನೇರವಾಗಿ ಮುರಿಯುತ್ತದೆ. ದುಂಡನೆಯ ಒಡಲು ಬೇಕೆ? ಅರ್ಧ ಮಿ.ಮೀ. ಹಾಳೆಯನ್ನು ಕೊಳವೆಗೆ ಸುತ್ತಿ ಕಟ್ಟಿ, ಕುದಿಯುವ ನೀರು ಹೊಯ್ದು ತಣಿಯಲು ಬಿಟ್ಟರೆ ಆಕಾರ ಉಳಿಯುತ್ತದೆ. ನೀರು ಹೊಯ್ಯುವ ಕೆಲಸ ದೊಡ್ಡವರದು. ಒಳಗೆ ಅಲ್ಲಲ್ಲಿ ದುಂಡು ಅಡ್ಡಗೋಡೆಗಳಿರಲಿ. ಒಂದು ಮೀಟರ್ ಆಳದಲ್ಲೇ ಪ್ರತಿ ಚದರ ಸೆಂ.ಮೀ. ಮೇಲೆ ನೀರು ಸುಮಾರು 100 ಗ್ರಾಂ ಭಾರ ಹೇರುತ್ತದೆ.

ತೆಳು ಅಂಟನ್ನು ಮೊದಲೇ ಬಳಿಯಬಾರದು. ತುಂಡುಗಳನ್ನು ಜೋಡಿಸಿ ಹಿಡಿದು, ಸಂದಿಗೆ ಸಣ್ಣ ಕುಂಚ ತಾಗಿಸಿದರೆ ಸಾಕು; ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಸಂದಿಯೇ ಅದನ್ನು ಎಳೆದುಕೊಳ್ಳುತ್ತದೆ. ಒತ್ತಿದಾಗ ಸಣ್ಣ ಮಣಿಯಂತೆ ಹೊರಚಿಮ್ಮಿದರೆ ಬೆಸುಗೆ ಸರಿಯಾಗಿದೆ ಎಂದರ್ಥ. ಅದನ್ನು ಒರೆಸದೆ ಒಂದೆರಡು ದಿನ ಬಿಟ್ಟು, ನೀರು ಹಚ್ಚಿ ಉಪ್ಪುಕಾಗದದಿಂದ ಉಜ್ಜಬೇಕು. ಹುಡುಗರು ಎಡವುವುದು ಇಲ್ಲಿಯೇ. ಇನ್ನಷ್ಟು ಗಟ್ಟಿಯಾಗಲಿ ಎಂದು ಅಂಟು ಸುರಿಯುತ್ತಾರೆ, ನಾಳೆಗೆ ಕಾಯುವುದಿಲ್ಲ. ಮುಚ್ಚಿದ ಒಡಲಿನೊಳಗೆ ಸಿಕ್ಕಿಬಿದ್ದ ದ್ರಾವಕಕ್ಕೆ ಹೊರಹೋಗಲು ದಾರಿಯಿರುವುದಿಲ್ಲ. ಅದು ಒಳಗಿನಿಂದಲೇ ಹಾಳೆಯನ್ನು ಮೆದುಗೊಳಿಸಿ ಸೊಟ್ಟಗಾಗಿಸುತ್ತದೆ. ಒಳಗೋಡೆಗಳಲ್ಲಿ ಮೊದಲೇ ಸಣ್ಣ ತೂತು ಕೊರೆದು, ಆವಿ ಹೋಗಲು ಒಂದು ತುದಿಯನ್ನು ಕೊನೆಯವರೆಗೂ ತೆರೆದಿಡುವುದು ಜಾಣತನ.

ಹೆತ್ತವರು ಗಮನಿಸಬೇಕಾದದ್ದೂ ಈ ಆವಿಯನ್ನೇ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಕೂಡದು. ಈ ದ್ರಾವಕಗಳಲ್ಲಿ ಹೆಚ್ಚಿನವು ಬೇಗ ಹೊತ್ತಿಕೊಳ್ಳುವಂಥವು. ದೇವರ ದೀಪ, ಊದುಬತ್ತಿ, ಒಲೆ ದೂರವಿರಲಿ. ತಲೆ ಸುತ್ತಿದರೆ ಅಂದಿಗೆ ಕೆಲಸ ಮುಗಿಯಿತು. ಫೆವಿಕ್ವಿಕ್‌ನಿಂದ ಬೆರಳು ಅಂಟಿದರೆ ಕಿತ್ತು ಬಿಡಿಸಬೇಡಿ, ಬಿಸುಪಾದ ಸಾಬೂನು ನೀರಿನಲ್ಲಿ ನೆನೆಸಿ. ಕಣ್ಣಿಗೆ ಸಿಡಿದರೆ ನೇರ ವೈದ್ಯರ ಬಳಿಗೆ. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು ಎಂಬುದು ಅನೇಕರಿಗೆ ಗೊತ್ತಿಲ್ಲ. ‘ಪರೀಕ್ಷೆ ಹತ್ತಿರ ಬಂತು, ಇದೆಲ್ಲ ಏಕೆ?’ ಎಂದು ಗದರುವ ಮೊದಲು ಮುಂದಿನ ಲೆಕ್ಕವನ್ನು ಮಗುವಿನ ಜೊತೆ ಕುಳಿತು ಒಮ್ಮೆ ಮಾಡಿ ನೋಡಬಹುದು.

5 ಸೆಂ.ಮೀ. ವ್ಯಾಸ, 40 ಸೆಂ.ಮೀ. ಉದ್ದದ ಕೊಳವೆ. ಗಾತ್ರ ಸುಮಾರು 785 ಘನ ಸೆಂ.ಮೀ. ಅಂದರೆ ಅದು ಪೂರ್ತಿ ಮುಳುಗಬೇಕಾದರೆ 785 ಗ್ರಾಂ ತೂಗಬೇಕು. ಒಂದು ಮಿ.ಮೀ. ದಪ್ಪದ ಪ್ಲಾಸ್ಟಿಕ್ ಒಡಲಿನ ತೂಕವೋ 70 ಗ್ರಾಂ ಆಸುಪಾಸು. ಉಳಿದ 700 ಗ್ರಾಮನ್ನು ನಟ್ಟು ಬೋಲ್ಟುಗಳ ರೂಪದಲ್ಲಿ ತಳಕ್ಕೆ ತುಂಬಬೇಕು. ಮೇಲೆ ತುಂಬಿದರೆ ಮಗುಚುತ್ತದೆ. ಆರ್ಕಿಮಿಡೀಸನ ತತ್ವವನ್ನು ಇದಕ್ಕಿಂತ ಚೆನ್ನಾಗಿ ಯಾವ ಗೈಡೂ ಹೇಳಿಕೊಡದು. ಹೀಗೆ ಸಮತೂಕಕ್ಕೆ ತಂದ ಮಾದರಿಯೊಳಗೆ ಎರಡು ಚಮಚ ನೀರು ಸೋರಿದರೂ ಸಾಕು, ಹತ್ತು ಗ್ರಾಂ ಹೆಚ್ಚಾಗಿ ತಳ ಕಾಣುತ್ತದೆ. ಕೆರೆಯಲ್ಲಾದರೆ ತಿಂಗಳ ಶ್ರಮ ಅಲ್ಲಿಗೇ ಮುಕ್ತಾಯ.

ಆದ್ದರಿಂದ ಮೊದಲ ಯಾನ ಬಚ್ಚಲುಮನೆಯ ದೊಡ್ಡ ಬಕೆಟ್‌ನಲ್ಲೇ ಆಗಲಿ. ಒಂದೊಂದು ತುದಿಯನ್ನಾಗಿ ನೀರೊಳಗೆ ಅದುಮಿ ಹಿಡಿದು, ಜೋಡಣೆಗಳನ್ನೇ ದಿಟ್ಟಿಸುತ್ತಿರಬೇಕು. ಗುಳ್ಳೆ ಏಳುವ ಜಾಗವನ್ನು ಪೆನ್ಸಿಲಿನಿಂದ ಗುರುತಿಸಿ, ಚೆನ್ನಾಗಿ ಒಣಗಿಸಿ, ಅದೇ ಹಾಳೆಯ ಚೂರುಗಳನ್ನು ತೆಳು ಅಂಟಿನಲ್ಲಿ ಕರಗಿಸಿದ ಲೇಪ ಮೆತ್ತಿ, ಎರಡು ದಿನ ಕಾಯಬೇಕು. ಆಮೇಲೆ ಮತ್ತೆ ಬಕೆಟ್ಟಿಗೆ.