ಮಿರಜದ ದರ್ಗಾದಲ್ಲಿ ಮೊದಲ ಗಲೇಫ

ಮಿರಜ ಪಟ್ಟಣದ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಪ್ರತಿವರ್ಷ ಉರುಸು ನೆರೆಯುತ್ತದೆ. ಸಾಂಗಲಿ, ಕೊಲ್ಹಾಪುರಗಳಿಂದಲ್ಲದೆ ಬೆಳಗಾವಿ, ವಿಜಯಪುರ ಜಿಲ್ಲೆಗಳಿಂದಲೂ ಭಕ್ತರು ಬರುತ್ತಾರೆ. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಮರಾಠಿ, ಕನ್ನಡ, ದಖನಿ ಉರ್ದು ಈ ಮೂರೂ ಮಾತುಗಳು ಒಂದೇ ಅಂಗಳದಲ್ಲಿ ಕೇಳಿಬರುತ್ತವೆ.

ಸಂತರ ಗೋರಿಯ ಮೇಲೆ ಭಕ್ತಿಯಿಂದ ಹೊದಿಸುವ ವಸ್ತ್ರಕ್ಕೆ ಗಲೇಫ ಎಂದು ಹೆಸರು. ಮಿರಜದ ಉರುಸಿನಲ್ಲಿ ಮೊದಲ ಗಲೇಫವನ್ನು ಅರ್ಪಿಸುವ ಮಾನವು ಚರ್ಮಕಾರ ಸಮಾಜಕ್ಕೆ ಸೇರಿದೆ. ಊರಿನ ಧನಿಕರಾಗಲಿ, ಅಧಿಕಾರಿಗಳಾಗಲಿ, ಇತರ ಮಾನಕರಿಗಳಾಗಲಿ ತಮ್ಮ ಗಲೇಫವನ್ನು ಅದರ ನಂತರವೇ ತರಬೇಕು. ಸರಕಾರದ ಆಜ್ಞೆಯಿಂದಾಗಲಿ, ನ್ಯಾಯಾಲಯದ ತೀರ್ಪಿನಿಂದಾಗಲಿ ಹುಟ್ಟಿದ ವ್ಯವಸ್ಥೆ ಇದಲ್ಲ, ರೂಢಿಯಾಗಿ ನಡೆದುಬಂದದ್ದು. ಚರ್ಮದ ಕಾಯಕ ಮಾಡುವವರನ್ನು ಊರ ಅಂಚಿನಲ್ಲಿ ನಿಲ್ಲಿಸಿದ ಸಮಾಜದಲ್ಲಿಯೇ, ಒಂದು ಬಾಗಿಲಲ್ಲಿ ಅವರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುವ ಪದ್ಧತಿಯೂ ಬೆಳೆದುಬಂದಿತೆಂಬುದು ಗಮನಿಸತಕ್ಕ ಸಂಗತಿ.

ಇದರ ಬೆಲೆಯನ್ನು ತಿಳಿಯಬೇಕಾದರೆ ನೆರೆಯ ಪಂಢರಪುರವನ್ನು ನೆನೆಯಬೇಕು. ಹದಿನಾಲ್ಕನೆಯ ಶತಮಾನದ ಸಂತ ಚೋಖಾಮೇಳನು ಮಹಾರ ಜಾತಿಯವನು. ವಿಠ್ಠಲನ ಪರಮ ಭಕ್ತನಾಗಿದ್ದರೂ ಗುಡಿಯ ಒಳಗೆ ಕಾಲಿಡುವ ಹಕ್ಕು ಅವನಿಗಿರಲಿಲ್ಲ. ಇಂದಿಗೂ ಅವನ ಸಮಾಧಿಯಿರುವುದು ದೇವಾಲಯದ ಮಹಾದ್ವಾರದ ಹೊರಗೆ. ಅವನ ಕುಲದವರಿಗೆ ಆ ಬಾಗಿಲು ತೆರೆಯಬೇಕೆಂದು ಸಾನೆ ಗುರೂಜಿಯವರು 1947ರ ಮೇ ತಿಂಗಳ ಮೊದಲ ದಿನದಿಂದ ಹತ್ತು ದಿನ ಉಪವಾಸ ಕೈಗೊಳ್ಳಬೇಕಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು 17ನೆಯ ವಿಧಿಯ ಮೂಲಕ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಕಾಯಿದೆಯು ಅದರ ಆಚರಣೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು.

ಇದೇ ಸಂವಿಧಾನದ 13ನೆಯ ವಿಧಿಯಲ್ಲಿ ‘ಕಾನೂನು’ ಎಂಬ ಶಬ್ದಕ್ಕೆ ಕೊಟ್ಟ ಅರ್ಥವಿವರಣೆಯಲ್ಲಿ, ಕಾನೂನಿನ ಬಲವುಳ್ಳ ರೂಢಿ ಮತ್ತು ಸಂಪ್ರದಾಯಗಳೂ ಸೇರಿವೆ. ಎಂದರೆ, ಹಿಂದಿನಿಂದ ನಡೆದುಬಂದಿದೆ ಎಂಬ ಒಂದೇ ಕಾರಣಕ್ಕೆ ಯಾವ ಪದ್ಧತಿಯೂ ಉಳಿಯಲಾರದು. ಅದನ್ನು ಮೂಲಭೂತ ಹಕ್ಕುಗಳ ತಕ್ಕಡಿಯಲ್ಲಿ ತೂಗಬೇಕು. ಆ ತಕ್ಕಡಿಯಲ್ಲಿ ಅನೇಕ ರೂಢಿಗಳು ಬಿದ್ದುಹೋದವು. ಮೊದಲ ಗಲೇಫದಂಥ ರೂಢಿಗೆ ಅಂಜಿಕೆಯಿಲ್ಲ.

ಉರುಸಿನ ದಿನಗಳಲ್ಲಿಯೇ ದರ್ಗಾದ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಸ್ಮರಣಾರ್ಥ ಸಂಗೀತ ಸಭೆ ನಡೆಯುತ್ತದೆ. ಖಾನ್ ಸಾಹೇಬರು ಉತ್ತರ ಹಿಂದೂಸ್ಥಾನದ ಕೈರಾನಾದಲ್ಲಿ 1872ರಲ್ಲಿ ಜನಿಸಿದವರು. ಕಿರಾಣಾ ಘರಾಣೆಯನ್ನು ದಕ್ಷಿಣದಲ್ಲಿ ನೆಲೆಗೊಳಿಸಿದವರು. ಮೈಸೂರು ಆಸ್ಥಾನದ ಮನ್ನಣೆ ಪಡೆದ ಅವರು ಕರ್ನಾಟಕ ಸಂಗೀತವನ್ನೂ ಆದರದಿಂದ ಅಭ್ಯಸಿಸಿದರು. ಮಿರಜದಲ್ಲಿ ನೆಲೆಸಿ, ಈ ದರ್ಗಾದ ಹುಣಸೆಮರದ ನೆರಳಿನಲ್ಲಿ ಕುಳಿತು ಹಾಡಿದರು. 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಯ ಅರವಿಂದಾಶ್ರಮಕ್ಕೆ ಹೊರಟಾಗ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ರೇಲ್ವೆ ನಿಲ್ದಾಣದಲ್ಲಿ ಕೊನೆಯುಸಿರೆಳೆದರು. ಅವರ ದೇಹವನ್ನು ಮಿರಜಕ್ಕೆ ತಂದು ಇದೇ ಆವರಣದಲ್ಲಿ ಮಣ್ಣು ಮಾಡಲಾಯಿತು.

ಈ ಸಭೆಯಲ್ಲಿ ಹಾಡುವುದನ್ನು ಕಲಾವಿದರು ಕಚೇರಿ ಎನ್ನದೆ ಸೇವೆ ಎಂದು ಬಗೆಯುತ್ತಾರೆ. ಕೇಳುವವರಿಗೂ ಟಿಕೆಟಿನ ಹಂಗಿಲ್ಲ. ಮುಂದಿನ ಕುರ್ಚಿ, ಹಿಂದಿನ ಕುರ್ಚಿ ಎಂಬ ದರದ ಭೇದವಿಲ್ಲ. ರಾಗದ ಹೆಸರು ಅರಿಯದ ಹಮಾಲನೂ ಸ್ವರಜ್ಞಾನವುಳ್ಳ ರಸಿಕನೂ ಒಂದೇ ನೆಲದ ಮೇಲೆ ಕುಳಿತು ಆಲಿಸಬಹುದು.

ಖಾನ್ ಸಾಹೇಬರ ಶಿಷ್ಯಪರಂಪರೆಯೂ ಇದೇ ಪಾಠವನ್ನು ಹೇಳುತ್ತದೆ. ಅವರ ಹಿರಿಯ ಶಿಷ್ಯರಲ್ಲೊಬ್ಬರಾದ ಸವಾಯಿ ಗಂಧರ್ವರು ಧಾರವಾಡ ಜಿಲ್ಲೆಯ ಕುಂದಗೋಳದ ಬ್ರಾಹ್ಮಣ ಮನೆತನದವರು. ಮುಸಲ್ಮಾನ ಗುರುವಿನ ಮನೆಯಲ್ಲಿದ್ದು ಪಡೆದ ವಿದ್ಯೆಯನ್ನು ಅವರು ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಧಾರೆಯೆರೆದರು. ಮುಂದೆ ಇವರಿಬ್ಬರೂ ಮಿರಜದ ದರ್ಗಾಕ್ಕೆ ಬಂದು ಹಾಡಿದರು. ಖಾನ್ ಸಾಹೇಬರ ಮಗಳು ಹೀರಾಬಾಯಿ ಬಡೋದೇಕರ ಹುಟ್ಟಿದ್ದು 1905ರಲ್ಲಿ, ಇದೇ ಮಿರಜದಲ್ಲಿ. ಸ್ತ್ರೀಯರು ಸಾರ್ವಜನಿಕ ವೇದಿಕೆಯಲ್ಲಿ ಗೌರವದಿಂದ ಕುಳಿತು ಹಾಡುವ ಹಾದಿಯನ್ನು ತೆರೆದವರಲ್ಲಿ ಅವರು ಅಗ್ರಗಣ್ಯರು.

ಗಂಗೂಬಾಯಿಯವರ ಬಾಳನ್ನು ಗಡಿನಾಡಿನ ಕನ್ನಡ ಶಾಲೆಯ ಮಕ್ಕಳು ವಿಶೇಷವಾಗಿ ಅರಿಯಬೇಕು. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು, ಹಾಡುವುದೇ ಕುಲವೃತ್ತಿಯಾಗಿದ್ದ, ಮೇಲುಜಾತಿಯವರ ತಾತ್ಸಾರಕ್ಕೆ ಗುರಿಯಾಗಿದ್ದ ಮನೆತನದವರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಬಾಲ್ಯದಲ್ಲಿ ನೆರೆಯ ಸಿರಿವಂತರ ತೋಟದ ಮಾವಿನಕಾಯಿ ಕದ್ದು ಬೈಸಿಕೊಂಡ ಪ್ರಸಂಗವನ್ನು ಗಂಗೂಬಾಯಿಯವರು ಹೇಳಿಕೊಂಡಿದ್ದಾರೆ. ಕದ್ದದ್ದಕ್ಕಿಂತ ಹೆಚ್ಚಾಗಿ ಆ ಮನೆಯವರನ್ನು ಕೆರಳಿಸಿದ್ದು, ಹಾಡುವವಳ ಮಗಳು ತಮ್ಮ ತೋಟದಲ್ಲಿ ಕಾಲಿಟ್ಟಳೆಂಬ ಸಂಗತಿ. ಅದೇ ಮನೆಯವರು ಮುಂದೆ ಅವರನ್ನು ಆದರದಿಂದ ಬರಮಾಡಿಕೊಂಡರು. 1924ರಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಆ ಬಾಲಕಿ ಸ್ವಾಗತಗೀತೆ ಹಾಡಿದ್ದಳು.

ಹೆಸರು ಬಂದ ಮೇಲೆ ದೊರೆಯುವ ಆದರವು ಪ್ರತಿಭೆಗೆ ಸಂದ ಬಹುಮಾನ. ಹೆಸರು ಬರುವ ಮುನ್ನವೇ, ಮನುಷ್ಯರೆಂಬ ಕಾರಣಕ್ಕೆ ದೊರೆಯುವ ಆದರ ಸಾಮಾಜಿಕ ನ್ಯಾಯ. ಗಂಗೂಬಾಯಿಯವರಿಗೆ ಧಾರವಾಡದ ಆ ತೋಟದಲ್ಲಿ ದೊರೆತದ್ದು ಮೊದಲನೆಯದು, ಅದೂ ತಡವಾಗಿ. ಮೊದಲ ಗಲೇಫ ಹೊತ್ತು ಬರುವವರಿಗೆ ಮಿರಜದಲ್ಲಿ ದೊರೆಯುವುದು ಎರಡನೆಯದು.

ವೇದಿಕೆಯ ಮೇಲೆ ಕಾಣದ ಇನ್ನೊಂದು ವರ್ಗವೂ ಇದೆ. ಮಿರಜದ ಸಿತಾರ, ತಂಬೂರಿಗಳು ದೇಶವಿದೇಶಗಳಲ್ಲಿ ಪ್ರಸಿದ್ಧ. ಅವುಗಳನ್ನು ರಚಿಸುವ ಮನೆತನಗಳು ಮೂಲತಃ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರವು. ಸಂಸ್ಥಾನಗಳಲ್ಲಿ ಖಡ್ಗದ ಬೇಡಿಕೆ ಇಳಿದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಫರೀದಸಾಹೇಬರ ಕಾಲದಿಂದ ಆ ಕೈಗಳು ತಂತಿವಾದ್ಯಗಳತ್ತ ಹೊರಳಿದವು. ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ಪಂಢರಪುರದ ಸುತ್ತಲಿನ ರೈತರ ಹೊಲಗಳಿಂದ ಬರುತ್ತದೆ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದರಿಂದ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಬಂದಿತು. ಕುಶಲಕರ್ಮಿಯ ಕೂಲಿಗೂ ಅಂಥ ರಕ್ಷಣೆ ಬರಬೇಕು. ಸಭೆಯಲ್ಲಿ ಗಾಯಕರಿಗೆ ಶಾಲು ಹೊದಿಸುವಾಗ ತಂಬೂರಿ ಮಾಡಿದವನ ಹೆಸರನ್ನೂ ಕೇಳುವುದು ನ್ಯಾಯ.

ಇಂಥ ಪರಂಪರೆಯುಳ್ಳ ಊರು ದ್ವೇಷಕ್ಕೆ ಅತೀತವೆಂದು ಭಾವಿಸುವಂತಿಲ್ಲ. ಗಂಗೂಬಾಯಿಯವರು 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ, ಗಣೇಶೋತ್ಸವದ ಕಮಾನಿನ ಮೇಲಿನ ಚಿತ್ರವೊಂದರ ಕಾರಣಕ್ಕೆ ಮಿರಜದಲ್ಲಿ ಗಲಭೆಯೆದ್ದಿತು, ಸಾಂಗಲಿಗೂ ಹಬ್ಬಿತು, ಕರ್ಫ್ಯೂ ವಿಧಿಸಬೇಕಾಯಿತು. ವರ್ಷವರ್ಷವೂ ಒಂದೇ ಅಂಗಳದಲ್ಲಿ ಕುಳಿತು ಹಾಡು ಕೇಳುವ ಊರಿನಲ್ಲಿಯೇ ಅಂಗಡಿಗಳು ಬಾಗಿಲೆಳೆದುಕೊಂಡವು. ಹಾಗೆಂದು ಪರಂಪರೆ ಸುಳ್ಳಾಗುವುದಿಲ್ಲ. ಉರುಸಿನ ದಿನಗಳ ಮರ್ಯಾದೆಯನ್ನು ಉಳಿದ ದಿನಗಳಿಗೆ ಒಯ್ಯುವ ಕೆಲಸ ಬಾಕಿಯಿದೆ ಎಂಬುದಷ್ಟೇ ಅದರ ಅರ್ಥ. ಮೊದಲ ಗಲೇಫ ಹೊತ್ತವರ ಓಣಿಗೆ ನಲ್ಲಿಯ ನೀರು ಎಲ್ಲರಿಗೂ ಬಂದಂತೆ ಬರುತ್ತಿದೆಯೇ, ಅವರ ಮಕ್ಕಳು ಶಾಲೆಯ ಊಟದ ಸಾಲಿನಲ್ಲಿ ಎಲ್ಲಿ ಕೂಡುತ್ತಾರೆ ಎಂಬುದನ್ನು ಉರುಸು ಮುಗಿದ ಮೇಲೆ ಕೇಳಬೇಕು.

ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುವ ಮನೆಗಳಿಗೆ ಈ ಪ್ರಶ್ನೆ ಹೊರಗಿನದಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರಕಿಸಬೇಕೆಂಬ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ಜತ್ತ ತಾಲೂಕಿನ ಕನ್ನಡ ಶಾಲೆಗೆ ಶಿಕ್ಷಕರನ್ನು ಕೊಡಿರೆಂದು ಬೇಡುವ ಪಾಲಕರು ಆ ವಿಧಿಯ ಆಸರೆಯಲ್ಲಿ ನಿಲ್ಲುತ್ತಾರೆ. ತಮ್ಮ ಭಾಷೆಗೆ ಸಾಲಿನಲ್ಲಿ ಕೊನೆಯ ಜಾಗ ಸಿಕ್ಕಾಗ ಆಗುವ ನೋವನ್ನು ಬಲ್ಲವರು, ಜಾತಿಯ ಕಾರಣಕ್ಕೆ ಕೊನೆಗೆ ನಿಂತವರ ನೋವನ್ನೂ ಬಲ್ಲವರಾಗಬೇಕು. ಸೋದರಭಾವವನ್ನು ಬೆಳೆಸುವುದು, ಬಹುವಿಧ ಸಂಸ್ಕೃತಿಗಳು ಕೂಡಿ ರೂಪುಗೊಂಡ ಪರಂಪರೆಯನ್ನು ಕಾಪಾಡುವುದು ಎಂಬ ಎರಡು ಕರ್ತವ್ಯಗಳನ್ನು 51ಎ ವಿಧಿಯು ನಾಗರಿಕರೆಲ್ಲರಿಗೂ ವಹಿಸಿದೆ. ಪಠ್ಯದಲ್ಲಿ ಇವು ಕಂಠಪಾಠದ ಸಾಲುಗಳು. ಮಿರಜದಲ್ಲಿ ಕಣ್ಣಿಗೆ ಕಾಣುವ ಸಂಗತಿಗಳು.

ಮುಂದಿನ ಉರುಸಿಗೆ ಮಕ್ಕಳನ್ನು ಕರೆದೊಯ್ಯುವ ಪಾಲಕರು ಮಿಠಾಯಿ ಅಂಗಡಿಗೂ ತೊಟ್ಟಿಲಿಗೂ ಮೊದಲು ಗಲೇಫದ ಮೆರವಣಿಗೆಯನ್ನು ತೋರಿಸಲಿ. ಮುಂದೆ ನಡೆಯುತ್ತಿರುವವರು ಯಾರು, ಅವರೇ ಏಕೆ ಮುಂದೆ ಎಂದು ಮಕ್ಕಳು ಕೇಳುವರು. ಉತ್ತರ ಹೇಳಲು ಆ ರಾತ್ರಿಯ ಸಂಗೀತ ಮುಗಿಯುವವರೆಗೂ ಸಮಯವಿದೆ.